ಜಡ್ಜಮ್ಮನನ್ನು ನಗಿಸಿದ ಡ್ರಮ್

ಮನೆ, ಮಹಡಿಯ ಕೋಣೆ
ಶನಿವಾರ, ಇನ್ನೂ ಬೆಳಕು ಹರಿದಿಲ್ಲ

ಪ್ರೀತಿಯ ಅಪ್ಪಾ,

ರಾತ್ರಿ ಒಂದೂಕಾಲಕ್ಕೆ ‘ಜರ್ರ್...’ ಅನ್ನುವ ಸದ್ದಿಗೆ ಎಚ್ಚರವಾಯಿತು. ಯಾವ ಸದ್ದು ಅಂತ ಆಮೇಲೆ ಹೇಳುತ್ತೇನೆ. ಮೊದಲು ನೀನು ಹೇಗಿದ್ದೀಯ? ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ? ಹಳೇ ಬ್ಯಾಂಡಿನವರೆಲ್ಲ ಮತ್ತೆ ಒಟ್ಟಾಗಿ ಊರೂರು ನುಡಿಸಿಕೊಂಡು ಹೊರಟಿದ್ದೀರಿ, ಆ ಖುಷಿಯಲ್ಲಿ ಮಾತ್ರೆ ಮರೆಯಬೇಡ. ವೇದಿಕೆ ಮೇಲಿರುವಾಗ ನಿನ್ನ ಫೋನ್ ಆಫ್ ಆಗಿರುತ್ತದೆ, ಇಳಿದ ಮೇಲೆ ಅದನ್ನು ಎಲ್ಲಿಟ್ಟೆ ಅಂತ ನಿನಗೇ ನೆನಪಿರುವುದಿಲ್ಲ. ಅದಕ್ಕೇ ಈ ಹಾಳೆಗಳ ಫೋಟೋ ತೆಗೆದು ಟ್ರಂಪೆಟ್ ಮಾಮನ ಫೋನಿಗೆ ಕಳಿಸುತ್ತಿದ್ದೇನೆ. ನಡುರಾತ್ರಿ ದಾಟಿ ಕಾರ್ಯಕ್ರಮ ಮುಗಿಸಿ ನೀವು ಊಟಕ್ಕೆ ಕೂರುವ ಹೊತ್ತಿಗೆ ಅವರು ಓದಿ ಹೇಳಲಿ. ಮಾಮಾ, ನಡುನಡುವೆ ನಿಮ್ಮ ಒಗ್ಗರಣೆ ಬೇಡ.

ನಿನ್ನ ಮೊಮ್ಮಗಳು ಚೆನ್ನಾಗಿದ್ದಾಳೆ. ಹಾಗೆ ಬರೆಯುವ ಮೊದಲು ಎದ್ದು ಹೋಗಿ ಅವಳ ಮೂಗಿನ ಹತ್ತಿರ ಬೆರಳಿಟ್ಟು ನೋಡಿ ಬಂದೆ, ಬೈಯಬೇಡ. ಐದು ತಿಂಗಳು ತುಂಬಿದರೂ ಒಮ್ಮೆಯೂ ಗಟ್ಟಿಯಾಗಿ ನಕ್ಕಿಲ್ಲ ಅನ್ನುವ ನನ್ನ ಚಿಂತೆ ನಿನಗೆ ಗೊತ್ತೇ ಇದೆ. ಡಾಕ್ಟರು ಏನೂ ತೊಂದರೆಯಿಲ್ಲ ಅಂದರು. ಎದುರುಮನೆಯವಳು “ನಮ್ಮೋನು ಮೂರು ತಿಂಗಳಿಗೇ ಕಿಲಕಿಲ ಅಂತಿದ್ದ ಕಣ್ರೀ” ಅಂದಳು. ನಾನು ಯಾರನ್ನು ನಂಬಿದೆ ಅಂತ ಬೇರೆ ಹೇಳಬೇಕೇ? ಎದುರಿಗೆ ಯಾರು ಎಷ್ಟೇ ಕುಣಿದರೂ ತೀರ್ಪು ಹೇಳುವವಳ ಹಾಗೆ ದಿಟ್ಟಿಸುತ್ತಾಳೆಂದು ನಿನ್ನ ಅಳಿಯ ಇಟ್ಟ ಹೆಸರೇ ಜಡ್ಜಮ್ಮ. ನೀನೊಬ್ಬನೇ “ನಗು ಒಳಗಿದೆ ಕಣೇ, ತಾಳ ಸಿಕ್ಕಿದ ದಿನ ಹೊರಗೆ ಬರುತ್ತೆ” ಅಂದವನು.

ಈಗ ಆ ಸದ್ದಿನ ವಿಷಯ. ಮಗುವಿನ ಎದೆಯ ಗೊರಗೊರವೇ ಅಂದುಕೊಂಡು ನನ್ನ ಜೀವ ಬಾಯಿಗೆ ಬಂತು. ದೀಪ ಹಾಕಿ ನೋಡಿದರೆ ಜಡ್ಜಮ್ಮ ಕಣ್ಣು ಗೋಲಿಯಂತೆ ಬಿಟ್ಟುಕೊಂಡು ಮಲಗಿದ್ದಾಳೆ. ‘ಈಈ’ ಅಂತ ಕಿರುಚಿದಳು. ಮೂಲೆಯಲ್ಲಿದ್ದ ಚೀಲ ‘ಜರ್ರ್’ ಅಂದಿತು! ನೀನು ಗುಜರಿಯಿಂದ ತಂದು, ಶಾಲೆಯ ಬ್ಯಾಂಡ್ ಮೇಷ್ಟ್ರಿಗೆ ಕೊಡಲು ಬಾಗಿಲಲ್ಲಿಟ್ಟು ಹೋದ ಹಳೇ ಸ್ನೇರ್ ಡ್ರಮ್ ಅದು. ಕತ್ತಲಲ್ಲಿ ಯಾರಾದರೂ ಎಡವಿಯಾರು ಅಂತ ನಾನೇ ಮೇಲೆ ತಂದಿಟ್ಟಿದ್ದೆ. ಅವಳು ಕಿರುಚಿದಾಗಲೆಲ್ಲ ಡ್ರಮ್ಮಿನ ಅಡಿಯ ತಂತಿಗಳು ಅದುರಿ ಉತ್ತರ ಕೊಡುತ್ತಿದ್ದವು. ಅವಳು ಸ್ವಲ್ಪ ಹೊತ್ತು ಆಲೋಚಿಸಿದಳು, ಮತ್ತೆ ಕಿರುಚಿದಳು, ಅದು ಮತ್ತೆ ಉತ್ತರಿಸಿತು. ಆಗ ನಕ್ಕಳು ನೋಡು ಅಪ್ಪಾ! ಪುಟ್ಟ ಹೊಟ್ಟೆ ಕುಣಿಯುವ ಹಾಗೆ, ಬಿಕ್ಕಳಿಕೆ ಬರುವ ತನಕ. ನಾನು ಅಳುತ್ತಾ ನಗುತ್ತಾ ಇವರನ್ನು ಅಲುಗಾಡಿಸಿ “ರೀ, ಜಡ್ಜಮ್ಮ ನಕ್ಕಳು” ಅಂದೆ. “ಯಾವ ಕೇಸು?” ಅಂತ ಕೇಳಿ ಮಗ್ಗುಲು ಬದಲಿಸಿದರು ಮಹಾರಾಯರು.

ಬಿಕ್ಕಳಿಕೆ ನಿಲ್ಲಲಿ ಅಂತ ತಂತಿ ಸಡಿಲಿಸಲು ಚೀಲ ಬಿಚ್ಚಿದೆ. ಡ್ರಮ್ಮನ್ನು ದೀಪದ ಕೆಳಗೆ ಎಳೆದುಕೊಂಡೆ. ಡ್ರಮ್ಮಿನ ಒಡಲಿನಲ್ಲಿ, ಹಿಡಿದು ಹಿಡಿದು ಸವೆದ ಜಾಗದಲ್ಲಿ, ಲೇಪ ಹೋಗಿ ಹಳದಿ ಇಣುಕುತ್ತಿದೆ. ಹೊರಡುವ ದಿನ ಬಸ್ಸಿನವನು ಹಾರ್ನ್ ಒತ್ತುತ್ತಿದ್ದಾಗ ನೀನು ಚೀಲದ ಮೇಲಿಂದಲೇ ಅಯಸ್ಕಾಂತ ಇಟ್ಟು, ‘ಟಪ್’ ಅಂತ ಅಂಟಿದ್ದೇ ತಡ, “ಉಕ್ಕು! ಮಕ್ಕಳು ಬಡಿಯಲಿ ಬಿಡು” ಅಂದದ್ದು ನೆನಪಿದೆಯಾ? ಅಡುಗೆಮನೆಗೆ ಓಡಿ ಫ್ರಿಜ್ಜಿನ ಬಾತುಕೋಳಿ ಅಯಸ್ಕಾಂತ ತಂದೆ. ಚರ್ಮ ಬಿಗಿಯುವ ಬಳೆಗೆ ಅಂಟಿತು. ಒಡಲಿಗೆ ಇಟ್ಟರೆ ಜಾರಿ ನನ್ನ ಕಾಲ ಮೇಲೆ ಬಿತ್ತು. ಸುತ್ತ ಎಲ್ಲಿಟ್ಟರೂ ಬಾತುಕೋಳಿ ನಿಲ್ಲಲೊಲ್ಲದು. ಅಪ್ಪಾ, ನೀನು ಪರೀಕ್ಷಿಸಿದ್ದು ಬಳೆಯನ್ನು! ಒಡಲು ಹಿತ್ತಾಳೆ. ಮೇಲಿನ ಲೇಪ ಕ್ರೋಮಿನ ಹಾಗೆ ನೀಲಿ ಮಿಂಚುವುದಿಲ್ಲ, ಮಂಕು ಹಳದಿಗೆ ತಿರುಗಿದೆ. ಅಂದರೆ ನಿಕಲ್, ಅಂದರೆ ಕ್ರೋಮ್ ಬರುವುದಕ್ಕೂ ಹಿಂದಿನ ಕಾಲದ್ದು, ಈಗ ಹುಡುಕಿದರೂ ಸಿಗದ್ದು ಅಂತ ನೀನೇ ಅಲ್ಲವೇ ಕಲಿಸಿದ್ದು? ಒಡಲಿನ ಸುತ್ತ ಬೋಲ್ಟು ಹಿಡಿಯುವ ತುಂಡುಗಳೂ ಆಮೇಲಿನ ಕಾಲದ ಡಬ್ಬಿಯಂಥವಲ್ಲ, ಸಪೂರ ಕೊಳವೆಗಳು. ತಂತಿ ಬಿಗಿಯುವ ಹಿಡಿ ಮಾತ್ರ ಹೊಸದು, ಪಕ್ಕದಲ್ಲೇ ಹಳೆಯದರ ತೂತುಗಳು ಖಾಲಿ ಇವೆ.

ಮೇಷ್ಟ್ರು ಏಳು ಗಂಟೆಗೆ ಬರುತ್ತಾರೆ. “ಕುತ್ತಿಗೆ ಬೆಲ್ಟ್ ಸಿಕ್ಕಿಸೋಕೆ ಒಡಲಿಗೆ ಎರಡು ತೂತು ಹೊಡೆದು, ಕೆಂಪು ಪೇಂಟ್ ಬಳಿದರೆ ನಮ್ಮ ಹುಡುಗ್ರಿಗೆ ರೆಡಿ ಕಣಮ್ಮಾ” ಅಂತ ಸಂಜೆಯೇ ಫೋನಿನಲ್ಲಿ ಸಂಭ್ರಮಪಟ್ಟರು. ಇಷ್ಟು ಕಾಲ ಬದುಕಿ ಬಂದ ಒಡಲಿಗೆ ಡ್ರಿಲ್! ನಾನು ಬೇಡ ಅಂದರೆ ನಂಬುತ್ತಾರೆಯೇ? ‘ಬಾಣಂತಿ, ನಿದ್ದೆಗಣ್ಣಲ್ಲಿ ಏನೋ ಕಂಡಿದೆ’ ಅಂತ ನಕ್ಕು ಚೀಲ ಹೆಗಲಿಗೇರಿಸುತ್ತಾರೆ. ಕೊಟ್ಟ ಮಾತು ನಿನ್ನದು, ಬಿಡಿಸಬೇಕಾದವನೂ ನೀನೇ. ಮಕ್ಕಳಿಗೆ ಅಟ್ಟದ ಮೇಲಿದ್ದ ನಿನ್ನ ಇನ್ನೊಂದು ಡ್ರಮ್ಮನ್ನು, ಉಕ್ಕಿನದನ್ನು, ಇಳಿಸಿ ಒರೆಸಿಟ್ಟಿದ್ದೇನೆ. ಬಾತುಕೋಳಿ ಅದರ ಒಡಲನ್ನು ಬಿಟ್ಟು ಅಲುಗುತ್ತಿಲ್ಲ.

ನಿನ್ನ ಬ್ಯಾಂಡಿನವರಿಗೆಲ್ಲ ನನ್ನ ನಮಸ್ಕಾರ. ಜಡ್ಜಮ್ಮ ತಾತನಿಗೆ ಜೊಲ್ಲು ಮುತ್ತು ಕಳಿಸಿದ್ದಾಳೆ, ಹಾಳೆಯ ತುದಿ ಒದ್ದೆಯಾಗಿರುವುದು ಅದಕ್ಕೇ.

ನಿನ್ನ ನಿದ್ದೆಗೆಟ್ಟ,
ಮಗಳು

ಇನ್ನೊಂದು ಮಾತು: ಹಿತ್ತಾಳೆಯಲ್ಲ, ಉಕ್ಕೇ ಅಂತ ನೀನು ಸಾಧಿಸಿದರೂ ಸರಿ, ಬರೀ ತಗಡು ಅಂದರೂ ಸರಿ, ಇದನ್ನು ಕೊಡಬೇಡ ಅಪ್ಪಾ. ತಂತಿ ಸಡಿಲಿಸಿದ ಮೇಲೆ ಅವಳು ಕಿರುಚಿ ಕಿರುಚಿ ಕಾದಳು. ಉತ್ತರ ಬರಲಿಲ್ಲ ಅಂತ ತುಟಿ ಉಬ್ಬಿಸಿದಳು. ಮತ್ತೆ ಬಿಗಿದೆ, ಮತ್ತೆ ನಗುತ್ತಿದ್ದಾಳೆ, ಈಗ, ನಾನು ಬರೆಯುತ್ತಿರುವಾಗಲೇ. ಬೆಳಗಾಗುವುದರೊಳಗೆ ಫೋನ್ ಮಾಡು. ಎಷ್ಟೇ ಹೊತ್ತಾಗಿರಲಿ, ಮಾಡು, ಆ ನಗು ನಿನಗೂ ಕೇಳಿಸುತ್ತೇನೆ. ಮಾಮಾ, ದಮ್ಮಯ್ಯ, ಊಟ ಆಮೇಲೆ. ಮೊದಲು ಅಪ್ಪನ ಕೈಗೆ ಫೋನ್ ಕೊಡಿ.