ಒರೆಸದ ಗಾಜು

ಮನೆಯಿಂದ,
ಹನ್ನೊಂದನೇ ತಾರೀಖು, ಮಂಗಳವಾರ

ಪ್ರೀತಿಯ ಮಗಳೇ, ನನ್ನ ಚಿನಕುರುಳೀ,

ಹೇಗಿದ್ದೀಯಮ್ಮ? ಗಡಿಯ ಚಳಿಗೆ ಕೆಮ್ಮು ಮತ್ತೆ ಶುರುವಾಯಿತೇ? ಕಾಲುಚೀಲ ಒದ್ದೆಯಾದರೆ ಬದಲಾಯಿಸು, ಹಟ ಮಾಡಬೇಡ. ನಿನ್ನಮ್ಮ ಚೆನ್ನಾಗಿದ್ದಾಳೆ, ನನ್ನನ್ನು ಬೈಯುವಷ್ಟು ಶಕ್ತಿಯಂತೂ ದಿನಾ ಇದ್ದೇ ಇದೆ. ನಾನು ಮಾತ್ರ ಎಂಟು ದಿನದಿಂದ ತಟ್ಟೆಯಲ್ಲೇ ಅನ್ನ ಬಿಟ್ಟು ಏಳುತ್ತಿದ್ದೇನೆ.

"ನಮ್ಮಪ್ಪ ಬಂದೂಕಿಗೆ ಜ್ವರ ನೋಡ್ತಾರೆ" ಎಂದು ನೀನು ಚಿಕ್ಕಂದಿನಲ್ಲಿ ಎಲ್ಲರ ಹತ್ತಿರ ಹೇಳಿಕೊಂಡು ಬರುತ್ತಿದ್ದೆ. ಸರಿಯಾಗೇ ಹೇಳುತ್ತಿದ್ದೆ. ಗುಂಡು ಹಾರಿದಾಗ ನಳಿಕೆಯ ಬಾಯಲ್ಲಿ ಮಿಂಚುವ ಬೆಂಕಿಗೆ ಥರ್ಮಾಮೀಟರ್ ಹಿಡಿಯಲು ಆಗುತ್ತದೆಯೇ? ನಡುವೆ ಒಂದು ಗಾಜು ನಿಲ್ಲಿಸಿ, ಅದರ ಈಚೆ ಯಂತ್ರ ಇಟ್ಟು, ಆ ಬೆಳಕಿನಲ್ಲಿ ನೀಲಿ ಎಷ್ಟು, ಕೆಂಪು ಎಷ್ಟು ಎಂದು ನೋಡಿ ಅನಿಲದ ಬಿಸಿ ಲೆಕ್ಕ ಹಾಕುತ್ತೇವೆ. ನೀಲಿ ಹೆಚ್ಚಿದ್ದಷ್ಟೂ ಬಿಸಿ ಹೆಚ್ಚು. ಬಿಸಿ ಮಿತಿ ಮೀರಿದರೆ ಆ ಅನಿಲ ಹೊರಗಿನ ಗಾಳಿ ತಾಗಿ ಭುಗಿಲೆನ್ನುತ್ತದೆ, ಗುಂಡು ಹಾರಿಸಿದವರು ಕತ್ತಲಲ್ಲಿ ಎಲ್ಲಿದ್ದಾರೆಂದು ಎದುರಿನವರಿಗೆ ತೋರಿಸಿಕೊಡುತ್ತದೆ. ಗುಂಡಿನೊಳಗೆ ಅಂಥ ಸಿಡಿಮದ್ದು ಇದ್ದರೆ ತಡೆಯುವುದಕ್ಕೇ ನನ್ನನ್ನು ಇಟ್ಟಿರುವುದು.

ಐದು ಗುಂಡಿಗೊಮ್ಮೆ ಗಾಜಿನ ಮಸಿ ಒರೆಸಬೇಕು. ಮಸಿ ನೀಲಿಯನ್ನೇ ಹೆಚ್ಚು ನುಂಗುತ್ತದೆ, ಆಗ ಬೆಂಕಿ ಇದ್ದದ್ದಕ್ಕಿಂತ ತಣ್ಣಗೆ ಕಾಣುತ್ತದೆ. ಇಪ್ಪತ್ತೆಂಟು ವರ್ಷ ತಪ್ಪದೆ ಒರೆಸಿದ ಕೈ ಇದು. ಹೋದ ತಿಂಗಳು ನಿನ್ನ ಕಾಗದ ಬಂದ ದಿನ ಮರೆತೆ. ಗುಂಡಿಗೊಂದು ಸಾಲು ಓದುತ್ತಾ, ನಗುತ್ತಾ ಕೂತಿದ್ದೆ. ಇಪ್ಪತ್ತು ಗುಂಡು ಮುಗಿದರೂ ಒರೆಸುವ ಬಟ್ಟೆ ಜೇಬಿನಲ್ಲೇ ಇತ್ತು. ಮದ್ದು ಪಾಸ್ ಎಂದು ಸಹಿ ಹಾಕಿಬಿಟ್ಟೆ.

ಕಳೆದ ವಾರ ಹಳೆಯ ಪರೀಕ್ಷೆಯ ಹಾಳೆ ತಿರುವುತ್ತಿದ್ದಾಗ, ಆವತ್ತು ಗುಂಡಿನಿಂದ ಗುಂಡಿಗೆ ಬಿಸಿ ಇಳಿಯುತ್ತಲೇ ಹೋಗಿದ್ದು ಕಣ್ಣಿಗೆ ಬಿತ್ತು. ಅದೇ ಮದ್ದಿನ ಉಳಿದಿದ್ದ ಗುಂಡುಗಳನ್ನು ಗಾಜು ಒರೆಸಿ ಹಾರಿಸಿ ನೋಡಿದರೆ ಮಿತಿಗಿಂತ ಮುನ್ನೂರು ಡಿಗ್ರಿ ಹೆಚ್ಚು! ಮೇಲಧಿಕಾರಿಗೆ ಹೇಳಿದೆ. "ರಿಟೈರ್ ಆಗೋಕೆ ಮೂರು ತಿಂಗಳಿದೆ, ಸುಮ್ನೆ ಯಾಕ್ರೀ ಮೈಮೇಲೆ ಎಳ್ಕೊಳ್ತೀರಿ? ನಿಧಾನಕ್ಕೆ ನೋಡೋಣ" ಅಂದರು. ನನಗೆ ನಾಚಿಕೆಯಾಗುತ್ತಿದೆ ಮಗಳೇ, ಅದಕ್ಕಿಂತ ಹೆಚ್ಚಾಗಿ ಭಯವಾಗುತ್ತಿದೆ.

ಅಮ್ಮ ನಿನ್ನ ತಲೆ ಸವರಿ ಹರಸಿದ್ದಾಳೆಂದು ತಿಳಿ. ನೂರು ವರ್ಷ ಬಾಳು.

ನಿನ್ನ ಅಪ್ಪ

ತಾ.ಕ.: ಅಂಚೆಗೆ ಹೊರಟವನಿಗೆ ಉಗ್ರಾಣದವನು ಸಿಕ್ಕಿದ್ದ. ಆ ಮದ್ದಿನ ಗುಂಡಿನ ಪೆಟ್ಟಿಗೆಗಳು ನಿಮ್ಮ ಠಾಣೆಗೇ ಬಂದಿವೆಯಂತೆ. ಮುಚ್ಚಳದ ಮೇಲೆ ೪೧೭ ಎಂದಿದ್ದರೆ ಒಂದು ಗುಂಡನ್ನೂ ಬಂದೂಕಿಗೆ ತುಂಬಬೇಡ, ಯಾರಿಗೂ ತುಂಬಲು ಬಿಡಬೇಡ. ಅಲ್ಲಿಗೆ ಫೋನ್ ಹೋಗುತ್ತಿಲ್ಲ, ಇವನ್ನು ಬಳಸಬೇಡಿ ಎಂದು ಇಲ್ಲಿ ಯಾರೂ ಬರೆದು ಕೊಡುತ್ತಿಲ್ಲ. ಈ ಕಾಗದವನ್ನೇ ನಿಮ್ಮ ನಾಯಕರ ಕೈಗೆ ಕೊಡು. ತಪ್ಪು ಯಾರದೆಂದು ಕೇಳಿದರೆ ನಮ್ಮಪ್ಪನದು ಅನ್ನು. ನನ್ನ ಮಾನ ನೋಡಬೇಡಮ್ಮ, ಓಡು.