ಸುಮ್ಮನೆ ಮನೆಯಲ್ಲಿದ್ದವಳ ಪಿಂಚಣಿ

ಗದಗ, ಫೆಬ್ರವರಿ ೩೦, ೨೧೩೧

ಮುತ್ತಜ್ಜಿ ಹೊಳೆಯವ್ವಗೆ,

ತಾರೀಕು ನೋಡಿ ಗಾಬರಿಯಾಗಬೇಡ. ಈಗ ಫೆಬ್ರವರಿಗೂ ಮೂವತ್ತು ದಿನ. ನಡುವೆ ಅರ್ಥವಾಗದ ಮಾತು ಬಂದರೆ ಕ್ಷಮಿಸು. ನಾನು ನಿನ್ನ ಮರಿಮಗಳು ಪರಿಮಳಾ, ವಯಸ್ಸು ಅರವತ್ತಾರು. ನಿನ್ನ ಮೇಲೆ ಕೆಂಡದಂಥ ಸಿಟ್ಟು ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ಆರೈಕೆ ಪಿಂಚಣಿ ಎಂಬುದಿದೆ. ಮನೆಯಲ್ಲಿ ಕೈಲಾಗದವರನ್ನು ನೋಡಿಕೊಂಡವರಿಗೆ ಮುಪ್ಪಿನಲ್ಲಿ ಸರ್ಕಾರವೇ ಆಸರೆ. ಅದಕ್ಕೊಂದು ‘ಸ್ವಂತ ಬಾಯಿ’ ನಿಯಮ: ವಿಚಾರಣೆಗೆ ಬಂದವರ ಮುಂದೆ ಆರೈಕೆ ಮಾಡಿದವಳೇ ತನ್ನ ಕೆಲಸ ಹೇಳಬೇಕು, ಮೊದಲು ಹೇಳಿದ್ದೇ ದಾಖಲೆ. ಹೆಂಡತಿಯ ಪರವಾಗಿ ಗಂಡ, ಸೊಸೆಯ ಪರವಾಗಿ ಅತ್ತೆ ಉತ್ತರ ಕೊಡುವ ಕಾಟ ತಪ್ಪಲೆಂದು ಮಾಡಿದ್ದು. ಎಂಥ ಚಂದದ ನಿಯಮ ಅಲ್ಲವೇ? ಅದೇ ನನ್ನ ಕುತ್ತಿಗೆಗೆ ಬಂತು.

ನನ್ನ ತಂಗಿ ಮಲಪ್ರಭೆಗೆ ಕುತ್ತಿಗೆಯಿಂದ ಕೆಳಗೆ ಚಲನೆಯಿಲ್ಲ. ಮೂವತ್ತೊಂದು ವರ್ಷ ಅವಳನ್ನು ಎತ್ತಿದ್ದೇನೆ, ಮಗ್ಗುಲು ಬದಲಿಸಿದ್ದೇನೆ, ಉಣಿಸಿದ್ದೇನೆ. ಎತ್ತುವ ಯಂತ್ರಗಳು ಊರ ತುಂಬ ಇವೆ. ಬೆನ್ನು ಕೆರಿ ಅಂದರೆ ಎಲ್ಲಿ ಅಂತ ಅವಕ್ಕೆ ತಿಳಿಯುವುದಿಲ್ಲ. ಮೊನ್ನೆ ಪಿಂಚಣಿ ವಿಚಾರಣೆಗೆ ಅಧಿಕಾರಿ ಬಂದಾಗ ತಂಗಿಗೆ ಗಂಜಿ ಕುಡಿಸುತ್ತಿದ್ದೆ. ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಹೋದೆ. “ಏನ್ ಕೆಲಸ ಮಾಡ್ತೀರಿ?” ಎಂದಳು. ನನ್ನ ಹಾಳು ಬಾಯಿ! “ಏನಿಲ್ರೀ, ಸುಮ್ನ ಮನ್ಯಾಗ ಇರ್ತೀನಿ” ಅಂದುಬಿಟ್ಟೆ.

ಒಳಗಿಂದ ತಂಗಿ ಕಿರುಚಿದಳು: “ಏ, ಬರಕೋಬ್ಯಾಡ್ರಿ ಅದನ್ನ! ಸುಮ್ನ ಇದ್ದಾಕಿ ನಾನು! ನನ್ನ ಎತ್ತಾಕಿ ನಮ್ಮಕ್ಕ!” ಅಧಿಕಾರಿ ನಾನು ಹೇಳಿದ್ದನ್ನೇ ಬರೆದುಕೊಂಡಳು. ಇನ್ನೊಬ್ಬರ ಮಾತು ನಡೆಯುವುದಿಲ್ಲ. ಮರುವಿಚಾರಣೆ ಹತ್ತು ವರ್ಷಕ್ಕೆ. ಅರವತ್ತೈದು ದಾಟಿದ, ದಾಖಲೆಯಿಲ್ಲದವಳ ಕೈಯಲ್ಲಿ ರೋಗಿಯನ್ನು ಬಿಡುವಂತಿಲ್ಲವಂತೆ. ತಂಗಿಯನ್ನು ಆರೈಕೆ ಭವನಕ್ಕೆ ಒಯ್ಯಲು ಸೋಮವಾರ ಗಾಡಿ ಬರುತ್ತದೆ.

ಆ ಮಾತು ನನ್ನದಲ್ಲ, ಅಜ್ಜಿ. ಅವ್ವನೂ ಹಾಗೇ ಅನ್ನುತ್ತಿದ್ದಳು, ಅವಳ ಅವ್ವನೂ. ಹುಡುಕುತ್ತ ಹೋದರೆ ನಿನ್ನ ಕಾಲದ ಜನಗಣತಿಯ ಹಾಳೆ ಸಿಕ್ಕಿತು. ಹಾಸಿಗೆ ಹಿಡಿದ ಮಾವ, ಇಬ್ಬರು ಮಕ್ಕಳು, ಒಂಬತ್ತು ಜನರ ರೊಟ್ಟಿ ಬಡಿಯುವ ನೀನು. ನಿನ್ನ ಉದ್ಯೋಗದ ಕಲಂನಲ್ಲಿ: ಇಲ್ಲ. ಬರೆದುಕೊಂಡವನಿಗೆ ಕಣ್ಣಿರಲಿಲ್ಲವೇ? ಬರೆಸಿದ ಸರ್ಕಾರಕ್ಕೆ ನಾಚಿಕೆ ಇರಲಿಲ್ಲವೇ? ನಿನಗಾದರೂ ಬಾಯಿ ಇರಲಿಲ್ಲವೇ?

ಈ ಕಾಗದ ಗಣತಿಯವನಿಗಿಂತ ಮೊದಲು ತಲುಪಿದರೆ ಒಂದು ಕೆಲಸ ಮಾಡು. ಅವನನ್ನು ಬಾಗಿಲಲ್ಲಿ ನಿಲ್ಲಿಸಬೇಡ, ಒಳಗೆ ಕರೆ. ಮಾವನ ಮಗ್ಗುಲು ಬದಲಿಸುವಾಗ ಒಂದು ಕಡೆ ಹಿಡಿಯಲು ಹೇಳು. ಆಮೇಲೆ ಉತ್ತರ ಕೊಡು, ಜೋರಾಗಿ ಕೊಡು. ಕಂಬದ ಮರೆಯಲ್ಲಿ ನಿನ್ನ ಮಗಳು ನಿಂತಿದ್ದಾಳೆ, ನೀನು ಹೇಳಿದ್ದನ್ನೇ ಕಲಿಯುತ್ತಾಳೆ.

ಪರಿಮಳಾ