ಗೆರೆ ಸೀದಾ ಉಂಟಾ?

ವಾದಿ ಅದಾಯ್, ಮಸ್ಕತ್
೧೪ ನವೆಂಬರ್ ೨೦೨೫

ಮುದ್ದಿನ ದೀಕ್ಷಿತಾ,

ಅಪ್ಪನ ಕಣ್ಣಿನ ವಿಷಯ ಕೇಳಿದಾಗಲೆಲ್ಲ ನಾನು ಮಾತು ಮರೆಸುತ್ತೇನೆಂದು ನಿನಗೆ ಸಿಟ್ಟು. ಇರುವ ಒಂದೇ ಕೋಣೆಯಲ್ಲಿ ಅಪ್ಪ ಪಕ್ಕದಲ್ಲೇ ಕುಳಿತಿರುವಾಗ ಫೋನಿನಲ್ಲಿ ಏನು ಹೇಳಲಿ? ನೆರೆಮನೆಯ ಅಮೀನತ್ ಊರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಿನ್ನ ಕನ್ನಡ ಓದು ಆಮೆನಡಿಗೆ ಎಂದು ಗೊತ್ತು. ಆದರೂ ಹಾಸ್ಟೆಲಿನಲ್ಲಿ ಬೇರೆಯವರಿಂದ ಓದಿಸಬೇಡ.

ಆಪರೇಷನ್ ಚೆನ್ನಾಗಿಯೇ ಆಯಿತು, ಅದು ಸುಳ್ಳಲ್ಲ. ಕಣ್ಣಿನೊಳಗೆ ರೆಟಿನಾದ ಮೇಲೆ ಬೆಳೆದಿದ್ದ ತೆಳು ಪೊರೆಯನ್ನು ಡಾಕ್ಟರು ಸುಲಿದು ತೆಗೆದರು. ಡೊಂಕಾಗಿ ಕಾಣುತ್ತಿದ್ದ ಕಿಟಕಿಯ ಸರಳುಗಳು ಈಗ ನೆಟ್ಟಗಾಗಿವೆಯಂತೆ. ಆದರೆ ಪೊರೆ ತುಂಬ ಕಾಲ ಎಳೆದು ಹಿಡಿದಿತ್ತು, ಸೂಕ್ಷ್ಮ ನೋಟ ಇನ್ನು ಮರಳಲಿಕ್ಕಿಲ್ಲ ಎಂದು ಕಳೆದ ಸಲ ಹೇಳಿಬಿಟ್ಟರು. ಎಡಗಣ್ಣು ಹಿಂದೆಯೇ ಕಬ್ಬಿಣದ ಚೂರು ಬಡಿದು ಹೋಗಿದೆಯಲ್ಲ, ಉಳಿದದ್ದು ಇದೊಂದೇ.

ಅಪ್ಪನ ಕೆಲಸ ನೀನು ನೋಡಿದ್ದೀಯ. ತಗ್ಗು ಬಿದ್ದ ಕಾರಿನ ಬಾಗಿಲನ್ನು ಒಳಗಿನಿಂದ ತಟ್ಟಿ, ಮೇಲಿನ ಟ್ಯೂಬ್‌ಲೈಟಿನ ಗೆರೆ ಅದರಲ್ಲಿ ಹೇಗೆ ಬೀಳುತ್ತದೆಂದು ಬಗ್ಗಿ ನೋಡುವುದು. ಗೆರೆ ನೆಟ್ಟಗೆ ಬಿದ್ದರೆ ಕೆಲಸ ಮುಗಿಯಿತು. ಪೊರೆ ಬಂದಾಗ ಈ ಮನುಷ್ಯ ಯಾರಿಗೂ ಹೇಳದೆ, ಸರಿ ಇದ್ದ ಬಾಗಿಲುಗಳನ್ನೇ ಡೊಂಕೆಂದುಕೊಂಡು ತಿಂಗಳುಗಟ್ಟಲೆ ತಟ್ಟಿ ಹಾಳು ಮಾಡಿದರು. ತಗಡನ್ನು ಬೈದರು, ಲೈಟನ್ನು ಬೈದರು, ಕಣ್ಣಿನ ಮೇಲೆ ಮಾತ್ರ ಸಂಶಯಪಡಲಿಲ್ಲ. ಆಗಲೇ ಆಸ್ಪತ್ರೆಗೆ ಹೋಗಿದ್ದರೆ ಕಣ್ಣು ಉಳಿಯುತ್ತಿತ್ತೋ ಏನೋ ಮಗಾ.

ಮೊನ್ನೆ ಗ್ಯಾರೇಜಿನ ಯಜಮಾನ ಬಾದುಶಾ ಪರೀಕ್ಷೆಗೆಂದು ಒಂದು ಕಪ್ಪು ಕಾರು ಕೊಟ್ಟರು. ಬಾಗಿಲು ಸರಿಯಾದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಖಲಾಸ್, ವೀಸಾವೂ ಇಲ್ಲ ಎಂದಿದ್ದರು. ನಾನು ಊಟ ಕೊಂಡುಹೋದಾಗ ಅಪ್ಪ ಬೆವರಿನಲ್ಲಿ ತೊಯ್ದು, ಮುಖವನ್ನು ಬಾಗಿಲಿಗೆ ತಾಗಿಸಿಕೊಂಡು ಒಬ್ಬರೇ ನಿಂತಿದ್ದರು. ನನ್ನನ್ನು ಕರೆದು, ಗೆರೆ ಸೀದಾ ಉಂಟಾ ನೋಡು ಮಾರಾಯ್ತಿ, ಎಂದರು. ಮದುವೆಯಾದಂದಿನಿಂದ ತಮ್ಮ ಕೆಲಸದ ವಿಷಯದಲ್ಲಿ ನನ್ನನ್ನು ಒಂದು ಮಾತು ಕೇಳಿದವರಲ್ಲ.

ಬಗ್ಗಿ ನೋಡಿದೆ. ಬಟ್ಟೆ ಒಣಹಾಕುವ ಹಗ್ಗದ ಹಾಗೆ ಗೆರೆ ನಡುವೆ ಜೋತುಬಿದ್ದಿತ್ತು. ಸೀದಾ ಉಂಟು ಎಂದೆ. ಆ ಮುಖ ನೋಡಿ ಬೇರೆ ಹೇಳಲು ಬಾಯಿ ಬರಲಿಲ್ಲ. ಅಪ್ಪ ನಕ್ಕರು. ಸುತ್ತಿಗೆ ಒರೆಸಿಟ್ಟು ಊಟಕ್ಕೆ ಕುಳಿತು, ಮೀನುಸಾರು ಒಳ್ಳೆಯದಾಗಿದೆ ಎಂದರು.

ಸಂಜೆ ಬಾದುಶಾ ಬಂದು ನೋಡಿದರು. ಬೈಯಲಿಲ್ಲ, ಅಪ್ಪನ ಹೆಗಲ ಮೇಲೆ ಕೈಯಿಟ್ಟರಂತೆ. ಈ ತಿಂಗಳ ಕೊನೆಗೆ ನಾವು ಊರಿಗೆ ಬಂದುಬಿಡುತ್ತೇವೆ. ನೀನು ಕಣ್ಣಿನ ಸುದ್ದಿ ಎತ್ತಬೇಡ. ರಜೆಗೆ ಬಂದವರನ್ನು ಮಾತಾಡಿಸುವ ಹಾಗೆ ಮಾತಾಡಿಸು.

ನಿನ್ನನ್ನೇ ನೆನೆಯುವ ಅಮ್ಮ,
ವಾರಿಜಾಕ್ಷಿ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ತಡೆಯಲಾರದೆ ಅಪ್ಪನಿಗೆ ನಿಜ ಹೇಳಿಬಿಟ್ಟೆ. ಅದಕ್ಕೆ ಅಪ್ಪ, ಬಾಗಿಲ ಮೇಲೆ ಕೈಯಾಡಿಸಿದಾಗಲೇ ಡೊಂಕು ಉಂಟೆಂದು ನನಗೆ ಗೊತ್ತಿತ್ತು, ಆದರೆ ಎಲ್ಲಿ ತಟ್ಟಬೇಕೆಂದು ಹೇಳಲು ಕಣ್ಣೇ ಬೇಕಲ್ಲ, ಎಂದರು. ಮತ್ತೆ ನನ್ನನ್ನು ಯಾಕೆ ಕೇಳಿದಿರಿ ಎಂದೆ. ಅದು ಕಡೆಯ ಬಾಗಿಲಲ್ಲವಾ ವಾರಿಜಾ, ಸೀದಾ ಉಂಟು ಅಂತ ನಿನ್ನ ಬಾಯಲ್ಲಿ ಒಮ್ಮೆ ಕೇಳುವ ಅಂತ ಆಯ್ತು, ಎಂದರು.